ಸಿಕಂದರ್ ಸಾಹೇಬನ ಚರಿತ್ರೆ: ಒಂದು ವಿಮರ್ಶೆ

ಚರಿತ್ರಕಾರನು ತನ್ನ ನಾಯಕನ ಬಾಳಿನಲ್ಲಿ ಯಾವ ಭಾಗವನ್ನು ವಿಸ್ತರಿಸಿದನು, ಯಾವುದನ್ನು ಸಂಕ್ಷೇಪಿಸಿದನು ಎಂಬುದನ್ನು ವಿಚಾರಿಸಿದಲ್ಲಿ ಗ್ರಂಥದ ಗುಣದೋಷಗಳೆರಡೂ ವಿದಿತವಾಗುವುವು. ಜೇಮ್ಸ್ ಬೇಲಿ ಫ್ರೇಸರನು 1851ರಲ್ಲಿ ಲಂಡನ್ನಿನಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ ಕರ್ನಲ್ ಜೇಮ್ಸ್ ಸ್ಕಿನ್ನರನ ಸೈನಿಕ ಚರಿತ್ರೆಯು ಇಂತಹ ಪರೀಕ್ಷೆಗೆ ಯೋಗ್ಯವಾದುದು. ಸ್ಕಿನ್ನರನು ತಾನೇ ಬರೆದಿಟ್ಟಿದ್ದ ವೃತ್ತಾಂತವೇ ಅದರ ತಿರುಳು. ಮರಾಠರ ಇತಿಹಾಸವನ್ನೂ ಅವರ ಸೇವೆಯಲ್ಲಿದ್ದ ಯೂರೋಪಿನ ಸೇನಾನಿಗಳ ಕಥೆಗಳನ್ನೂ ಫ್ರೇಸರನು ಅದರ ಸುತ್ತ ಹೆಣೆದಿದ್ದಾನೆ. 1835ರಲ್ಲಿ ದೆಹಲಿಯಲ್ಲಿ ಹತನಾದ ವಿಲಿಯಂ ಫ್ರೇಸರನು ಈತನ ಸೋದರನು, ಸ್ಕಿನ್ನರನ ಪ್ರಾಣಮಿತ್ರನು. ಆದುದರಿಂದ ಗ್ರಂಥದಲ್ಲಿ ಸ್ನೇಹದ ಬೆಚ್ಚನೆಯೂ ಉಂಟು, ಸ್ನೇಹಕ್ಕೆ ಸಹಜವಾದ ಮೌನವೂ ಉಂಟು.

ಸ್ಕಿನ್ನರನು 1778ರಲ್ಲಿ ಜನಿಸಿದನು. ತಂದೆ ಕಂಪನಿಯ ಸೇವೆಯಲ್ಲಿದ್ದ ಸ್ಕಾಟ್ ಅಧಿಕಾರಿ; ತಾಯಿ ರಜಪೂತ ಜಮೀನ್ದಾರನೊಬ್ಬನ ಮಗಳು. ಭಾರತೀಯ ಮಾತೆಯರ ಮಕ್ಕಳಿಗೆ ಕಂಪನಿಯ ಅಧಿಕಾರಪದವಿಗಳು ದೊರೆಯಲಾಗದೆಂದು 1791ರಲ್ಲಿ ನಿಯಮವಾಯಿತು. ಮುದ್ರಣಾಲಯವೊಂದರಲ್ಲಿ ಕೆಲಸ ಕಲಿಯಲು ಬಿಟ್ಟ ಹುಡುಗನು ಮೂರೇ ದಿನಗಳಲ್ಲಿ ಅಲ್ಲಿಂದ ಓಡಿಹೋದನು. ಕಡೆಗೆ ಸಿಂಧಿಯಾನ ಸೇನೆಯನ್ನು ಸೇರಿದನು. 1803ರಲ್ಲಿ ಸಿಂಧಿಯಾನಿಗೂ ಆಂಗ್ಲರಿಗೂ ಯುದ್ಧವೊದಗಲು, ಆಂಗ್ಲ ಸಂಬಂಧವುಳ್ಳವನೆಂದು ಅಲ್ಲಿಂದಲೂ ಹೊರದೂಡಲ್ಪಟ್ಟನು. ಹೀಗೆ ತಾಯಿಯ ರಕ್ತದ ದೆಸೆಯಿಂದ ಒಂದು ಬಾಗಿಲೂ ತಂದೆಯ ರಕ್ತದ ದೆಸೆಯಿಂದ ಇನ್ನೊಂದು ಬಾಗಿಲೂ ಮುಚ್ಚಿದುವು. ಆ ವರ್ಷವೇ ಸಿಂಧಿಯಾನ ಪಕ್ಷವನ್ನು ಬಿಟ್ಟುಬಂದ ಸವಾರರು ಈತನನ್ನೇ ತಮಗೆ ನಾಯಕನಾಗಿ ಆರಿಸಿಕೊಂಡರು. ತನ್ನ ಹಿಂದಿನ ಒಡೆಯನ ಮೇಲೆ ಕತ್ತಿಯೆತ್ತಲಾರೆನೆಂಬ ಷರತ್ತಿನ ಮೇಲೆ ಈತನು ಒಪ್ಪಿದನು. ಹಳದಿ ಅಂಗಿಯ ಆ ದಳವೇ ಸ್ಕಿನ್ನರನ ಕುದುರೆದಳವೆಂದು ಪ್ರಖ್ಯಾತವಾದುದು. ಜನರು ನಾಯಕನನ್ನು ಸಿಕಂದರ್ ಸಾಹೇಬನೆಂದು ಕರೆದರು.

ಗ್ರಂಥದ ಅತ್ಯುತ್ತಮ ಭಾಗವು ವಿಜಯದ ವರ್ಣನೆಯಲ್ಲ, ಪರಾಜಯದ್ದು. 1800ರಲ್ಲಿ ಉನಿಯಾರಾ ರಣರಂಗದಲ್ಲಿ ಸ್ಕಿನ್ನರನು ಗಾಯಗೊಂಡು ಹೆಣಗಳ ನಡುವೆ ಬಿದ್ದಿರುತ್ತಾನೆ. ಅಂದಿನ ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಚಮಾರ ಜಾತಿಯ ಸ್ತ್ರೀಯೊಬ್ಬಳು ರೊಟ್ಟಿಯನ್ನೂ ನೀರನ್ನೂ ತರುತ್ತಾಳೆ. ಸ್ಕಿನ್ನರನು ಕುಡಿಯುತ್ತಾನೆ. ಪಕ್ಕದಲ್ಲಿ ಬಿದ್ದಿದ್ದ ರಜಪೂತ ಸುಬೇದಾರನು, ಕೆಲವು ಗಳಿಗೆಗಳ ಬಾಳಿಗಾಗಿ ಧರ್ಮವನ್ನೇಕೆ ಕೆಡಿಸಿಕೊಳ್ಳಲಿ ಎಂದು ನಿರಾಕರಿಸುತ್ತಾನೆ. ಬದುಕಿ ಬಂದ ಸ್ಕಿನ್ನರನು ಆಕೆಗೆ ಸಾವಿರ ರೂಪಾಯಿಗಳನ್ನು ಕಳುಹಿಸಿ, ಆಕೆಯನ್ನು ತಾಯಿಯೆಂದು ಕರೆದನು.

ಈ ಪ್ರಸಂಗವನ್ನು ಆತನ ಬಾಲ್ಯದ ಒಂದು ಘಟನೆಯೊಡನೆ ಇಟ್ಟು ಓದಬೇಕು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿದರೆ ಪರದೆಯ ಮರ್ಯಾದೆಗೆ ಭಂಗವಾಗುವುದೆಂದು ನೊಂದು, ಆತನ ಹೆತ್ತ ತಾಯಿ 1790ರಲ್ಲಿ ಪ್ರಾಣತ್ಯಾಗ ಮಾಡಿದ್ದಳು. ಕುಲಮರ್ಯಾದೆಗಾಗಿ ಒಬ್ಬ ತಾಯಿ ಸತ್ತಳು; ಅದೇ ಮರ್ಯಾದೆಗಾಗಿ ಸುಬೇದಾರನು ನೀರನ್ನು ಬಿಟ್ಟನು; ಕುಲದ ಕಟ್ಟಿನ ಹೊರಗಿದ್ದ ಇನ್ನೊಬ್ಬ ತಾಯಿ ಪ್ರಾಣವನ್ನು ಉಳಿಸಿದಳು. ಸ್ಕಿನ್ನರನು ಮೊದಲಿಬ್ಬರನ್ನು ಹಳಿಯುವುದಿಲ್ಲ. ಯಾರನ್ನೂ ಹಳಿಯದೆ, ತಾನು ಮಾತ್ರ ಬೇರೆ ದಾರಿ ಹಿಡಿದನೆಂದು ಸರಳವಾಗಿ ಹೇಳುವ ಈ ಧಾಟಿಯೇ ಆತನ ಬರಹದ ಹಿರಿಮೆ.

ಇನ್ನು ದೋಷ. ಗ್ರಂಥದ ಹೆಸರಿನಲ್ಲಿಯೇ ಇರುವ ‘ಸೈನಿಕ’ ಎಂಬ ವಿಶೇಷಣವು ನಾಯಕನನ್ನು ಇಬ್ಭಾಗಿಸುತ್ತದೆ. 1801ರಲ್ಲಿ ಜಾರ್ಜ್ ಥಾಮಸನನ್ನು ಮುತ್ತಿದ ಸೇನೆಯೊಡನೆ ಸ್ಕಿನ್ನರನು ಹಾನ್ಸಿಗೆ ಬಂದಿದ್ದನು. ಮುಂದೆ ಅದೇ ಹಾನ್ಸಿಯು ಆತನ ದಳಕ್ಕೆ ಠಾಣ್ಯವಾಯಿತು, ಆತನಿಗೆ ಮನೆಯಾಯಿತು. 1841ರ ಡಿಸೆಂಬರಿನಲ್ಲಿ ಆತನು ಮಡಿದುದೂ ಅಲ್ಲಿಯೇ. ಅದು ಆಗ ಕಂಪನಿಯ ರಾಜ್ಯದ ಗಡಿನಾಡು. ಮುತ್ತಿದವನು ಒಕ್ಕಲಾಗಿ ನಿಂತ ಬಗೆಯು ಚರಿತ್ರೆಯ ಮುಖ್ಯ ವಸ್ತುವಾಗಬೇಕಾಗಿತ್ತು. ಆದರೆ ಕದನಗಳು ಪುಟಗಳನ್ನು ಆಕ್ರಮಿಸಿವೆ. ಶಿಲೇದಾರ ಪದ್ಧತಿಯನ್ನು ಬಲ್ಲವರಿಗೆ ಈ ಲೋಪವು ಅಲ್ಪವೆನಿಸದು. ಮೈಸೂರು ಸಂಸ್ಥಾನದಲ್ಲಿಯೂ ಶಿಲೇದಾರರ ದಳಗಳಿದ್ದುದರಿಂದ ಕನ್ನಡಿಗರಿಗೆ ಈ ಹೆಸರು ಹೊಸತಲ್ಲ. ಸವಾರನು ಕುದುರೆಯನ್ನೂ ಆಯುಧವನ್ನೂ ತಾನೇ ತರುವನು. ಕುದುರೆ ಸತ್ತರೆ ಆತನ ಬಂಡವಾಳವೇ ಹೋದಂತೆ. ಇಂತಹ ದಳವು ಮೇವು, ಜಮೀನು, ಬಂಧುಬಳಗಗಳ ಆಧಾರವಿಲ್ಲದೆ ನಿಲ್ಲಲಾರದು. ಒಕ್ಕಲುತನವೂ ಸವಾರಿಯೂ ಅಲ್ಲಿ ಒಂದೇ ಬಾಳಿನ ಎರಡು ಮುಖಗಳು. ಸವಾರನನ್ನು ಮಾತ್ರ ತೋರಿಸಿ ಒಕ್ಕಲಿಗನನ್ನು ಮರೆಯಿಸಿದರೆ ಸವಾರನೂ ಪೂರ್ಣವಾಗಿ ಕಾಣಿಸನು. ಆತನ ಅಂತಃಪುರದ ಸ್ತ್ರೀಯರೂ ಹೊಲಗಳನ್ನು ಉತ್ತವರೂ ಈ ಚಿತ್ರದಿಂದ ದೂರವೇ ಉಳಿದರು.

ಲೋಪವನ್ನು ಕೊಂಚಮಟ್ಟಿಗೆ ತುಂಬುವ ಸಾಧನವು ಸ್ಕಿನ್ನರನ ಕೈಯಿಂದಲೇ ದೊರೆಯುತ್ತದೆ. 1825ರಲ್ಲಿ ಹಾನ್ಸಿಯಲ್ಲಿ ಆತನು ಮುಗಿಸಿದ ‘ತಶ್ರೀಹುಲ್ ಅಕ್ವಾಮ್’ ಎಂಬ ಪಾರಸಿ ಗ್ರಂಥವು ಜಾತಿಗಳನ್ನೂ ಕಸುಬುಗಳನ್ನೂ ಸಾಧು ಫಕೀರರನ್ನೂ ಚಿತ್ರಸಹಿತವಾಗಿ ವಿವರಿಸುತ್ತದೆ. ಜನರನ್ನು ವರ್ಗವರ್ಗವಾಗಿ ಜೋಡಿಸುವ ಅಧಿಕಾರಿಯ ದೃಷ್ಟಿಯು ಅದರಲ್ಲಿ ಇಲ್ಲವೆನ್ನಲಾಗದು. ಆದರೂ ನೆರೆಹೊರೆಯವರು ಯಾರೆಂದು ತಿಳಿಯಬೇಕೆಂಬ ಕುತೂಹಲವು ಅಲ್ಲಿ ನೆಲೆನಿಂತು ಬಾಳಿದವನದು. ಕೇವಲ ದಂಡೆತ್ತಿ ಬಂದವನಿಗೆ ಅದರ ಗೊಡವೆಯಿರದು.

ಉನಿಯಾರಾದಲ್ಲಿ ಬಿದ್ದಿದ್ದಾಗ ಹೊತ್ತ ಹರಕೆಯಂತೆ ಸ್ಕಿನ್ನರನು ತನ್ನ ಹಣದಿಂದ ದೆಹಲಿಯಲ್ಲಿ ಕಟ್ಟಿಸಿದ ಸೇಂಟ್ ಜೇಮ್ಸ್ ಇಗರ್ಜಿಯು 1836ರಲ್ಲಿ ಪ್ರತಿಷ್ಠಿತವಾಯಿತು. ಆತನ ಸಮಾಧಿಯೂ ಅಲ್ಲಿಯೇ ಇರುವುದು. ಹರಕೆಗೆ ಕಲ್ಲಿನ ಸಾಕ್ಷಿಯಿದೆ. ರೊಟ್ಟಿ ನೀರುಗಳನ್ನು ತಂದ ತಾಯಿಗೆ ಈ ಗ್ರಂಥದ ಕೆಲವು ಸಾಲುಗಳೇ ಸಾಕ್ಷಿ. ಆ ಸಾಲುಗಳನ್ನು ಕಾಪಾಡಿ ಕೊಟ್ಟುದಕ್ಕಾಗಿ ಫ್ರೇಸರನ ಉಳಿದ ಲೋಪಗಳನ್ನು ಕ್ಷಮಿಸಬಹುದು, ಆದರೆ ಮರೆಯಬಾರದು.