ಮುಖಕ್ಕೆ ಸಾವಿಲ್ಲ: ಹಿಂದಿ ಸಿನಿಮಾದ ಪುನರ್ಜನ್ಮದ ಪ್ರೇಮಕಥೆಗಳು

ಹಿಂದಿ ಸಿನಿಮಾದಲ್ಲಿ ಪುನರ್ಜನ್ಮದ ಪ್ರೇಮಕಥೆ ಒಂದು ಪರಂಪರೆಯಾಗಿ ಬೇರೂರಿದ್ದು 1949ರ ‘ಮಹಲ್’ನಿಂದ. ವಿಚಿತ್ರವೆಂದರೆ ಆ ಚಿತ್ರದಲ್ಲಿ ಯಾರೂ ಮರಳಿ ಹುಟ್ಟುವುದಿಲ್ಲ. ಬಾಂಬೆ ಟಾಕೀಸ್‌ಗಾಗಿ ಕಮಾಲ್ ಅಮ್ರೋಹಿ ನಿರ್ದೇಶಿಸಿದ ಈ ಕಥೆಯಲ್ಲಿ ಹರಿಶಂಕರ (ಅಶೋಕ್ ಕುಮಾರ್) ಅಲಹಾಬಾದಿನ ಹಳೆಯ ಮಹಲಿಗೆ ಬರುತ್ತಾನೆ. ಅಲ್ಲಿನ ಚಿತ್ರಪಟದಲ್ಲಿ ಅವನಿಗೆ ತನ್ನದೇ ಮುಖ ಕಾಣುತ್ತದೆ. ಇರುಳಲ್ಲಿ ಹಾಡುತ್ತ ಸುಳಿಯುವ ಕಾಮಿನಿಯನ್ನು (ಮಧುಬಾಲಾ) ಹಿಂದಿನ ಜನ್ಮದ ಪ್ರೇಯಸಿಯೆಂದೇ ನಂಬುತ್ತಾನೆ. ಆಕೆ ತೋಟದ ಮಾಲಿಯ ಮಗಳೆಂದು ಕೊನೆಗೆ ಬಯಲಾಗುತ್ತದೆ. ಕಥೆ ಹೀಗೆ ಭೂತವನ್ನು ಅಲ್ಲಗಳೆದರೂ ಜೋಸೆಫ್ ವಿರ್ಶಿಂಗ್ ಹಿಡಿದ ನೆರಳುಬೆಳಕು, ಖೇಮಚಂದ್ ಪ್ರಕಾಶರ ರಾಗ, ಲತಾ ಮಂಗೇಶ್ಕರ್ ಕಂಠ ಅದನ್ನು ಉಳಿಸಿಬಿಟ್ಟವು. ಮುಂದಿನವರು ಅನುಕರಿಸಿದ್ದೂ ಕಥೆಯ ತೀರ್ಮಾನವನ್ನಲ್ಲ, ಈ ನೆರಳನ್ನು.

‘ಮಹಲ್’ನ ಸಂಕಲನಕಾರ ಬಿಮಲ್ ರಾಯ್. ಒಂಬತ್ತು ವರ್ಷಗಳ ಬಳಿಕ ಅವರೇ ನಿರ್ದೇಶಿಸಿದ ‘ಮಧುಮತಿ’ (1958) ಈ ಪರಂಪರೆಯ ಶಿಖರ. ಕಥೆ ಋತ್ವಿಕ್ ಘಟಕ್‌ರದು, ಸಂಭಾಷಣೆ ರಾಜಿಂದರ್ ಸಿಂಗ್ ಬೇಡಿಯವರದು, ಸಂಗೀತ ಸಲಿಲ್ ಚೌಧರಿಯವರದು. ಎಡಪಂಥೀಯ ಒಲವಿನ ಈ ಪ್ರತಿಭಾವಂತರು ಜನ್ಮಾಂತರದ ಕಥೆಗೆ ಕೈಹಾಕಿದ್ದು ಕೆಲವರಿಗೆ ಒಗಟಾಗಿ ಕಂಡಿದೆ. ಚಿತ್ರವನ್ನು ಗಮನವಿಟ್ಟು ನೋಡಿದರೆ ಒಗಟೇನೂ ಇಲ್ಲ. ಮಳೆಯ ರಾತ್ರಿ ಪಾಳು ಹವೇಲಿಯಲ್ಲಿ ತಂಗುವ ಎಂಜಿನಿಯರ್ ದೇವೇಂದ್ರನಿಗೆ (ದಿಲೀಪ್ ಕುಮಾರ್) ತನ್ನ ಹಿಂದಿನ ಬಾಳು ನೆನಪಾಗುತ್ತದೆ. ಆಗ ಅವನು ಮರದ ದಿಮ್ಮಿಯ ವ್ಯಾಪಾರ ನಡೆಸುವ ಎಸ್ಟೇಟಿನ ಮ್ಯಾನೇಜರ್ ಆನಂದ. ಗುಡ್ಡಗಾಡಿನ ಹುಡುಗಿ ಮಧುಮತಿಯನ್ನು (ವೈಜಯಂತಿಮಾಲಾ) ಪ್ರೀತಿಸಿದವನು. ಮಾಲೀಕ ಉಗ್ರನಾರಾಯಣನಿಂದ (ಪ್ರಾಣ್) ಪಾರಾಗಲು ಆಕೆ ಹವೇಲಿಯ ಮೇಲಿಂದ ಧುಮುಕಿ ಸಾಯುತ್ತಾಳೆ. ಕಾಡು, ನೆಲ, ಹೆಣ್ಣು ಮೂರನ್ನೂ ತನ್ನ ಸ್ವತ್ತೆಂದುಕೊಂಡ ಜಮೀನ್ದಾರನ ಮೇಲೆ ಹೂಡಿದ ಮೊಕದ್ದಮೆಯಂತಿದೆ ಈ ಚಿತ್ರ. ಬದುಕಿದ್ದವರ ಸಾಕ್ಷ್ಯ ನಡೆಯದ ಕಡೆ ಸತ್ತವಳೇ ಬಂದು ನುಡಿಯಬೇಕಾಗುತ್ತದೆ. ಮಧುಮತಿಯನ್ನೇ ಹೋಲುವ ಮಾಧವಿ ಪ್ರೇತದ ವೇಷ ಹಾಕಿ ಬರುವುದೆಂದು ಮಾತಾಗಿರುತ್ತದೆ. ವೇಷದವಳು ತಡವಾಗಿ ಬರುತ್ತಾಳೆ, ನಿಜವಾದ ಪ್ರೇತ ಮೊದಲೇ ಬಂದು ವಿಚಾರಣೆ ಮುಗಿಸಿರುತ್ತದೆ. ‘ಮಹಲ್’ ಬಿಚ್ಚಿಹಾಕಿದ್ದನ್ನು ‘ಮಧುಮತಿ’ ಹೀಗೆ ಮತ್ತೆ ಕಟ್ಟಿತು. ಒಂಬತ್ತು ಫಿಲ್ಮ್‌ಫೇರ್ ಪ್ರಶಸ್ತಿಗಳ ಅದರ ದಾಖಲೆ 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಬರುವವರೆಗೆ ಉಳಿಯಿತು.

ಆದರೆ ಈ ಚಿತ್ರದ ಕೊನೆಯಲ್ಲೇ ಪರಂಪರೆಯ ದೌರ್ಬಲ್ಯವೂ ಅಡಗಿದೆ. ಮಧುಮತಿ ಮರಳಿ ಹುಟ್ಟುವುದು ಗುಡ್ಡದ ಮಗಳಾಗಿ ಅಲ್ಲ, ದೇವೇಂದ್ರನಿಗೆ ಸರಿಸಮನಾದ ಮನೆಯ ಹೆಂಡತಿ ರಾಧೆಯಾಗಿ. ಇಬ್ಬರ ನಡುವಿನ ಅಂತರವನ್ನು ಸಮಾಜ ದಾಟಿಸಲಿಲ್ಲ, ಸಾವು ದಾಟಿಸಿತು. ಆದುರ್ತಿ ಸುಬ್ಬಾರಾವ್ ತೆಲುಗಿನ ತಮ್ಮ ‘ಮೂಗ ಮನಸುಲು’ (1964) ಚಿತ್ರವನ್ನೇ ಹಿಂದಿಗೆ ತಂದ ‘ಮಿಲನ್’ನಲ್ಲಿ (1967) ಇದು ಇನ್ನಷ್ಟು ನಿಚ್ಚಳ. ಅಂಬಿಗನೂ ಜಮೀನ್ದಾರರ ಮಗಳೂ ಒಂದಾಗಲು ಇನ್ನೊಂದು ಜನ್ಮವೇ ಬೇಕು. ತಮಿಳಿನಲ್ಲಿ ಸಿ.ವಿ. ಶ್ರೀಧರ್ ಮಾಡಿದ ‘ನೆಂಜಂ ಮರಪ್ಪದಿಲ್ಲೈ’ (1963) ಈ ಮಟ್ಟಿಗೆ ಹೆಚ್ಚು ನಿಷ್ಠುರ. ಕನ್ನಡದ ಕಲ್ಯಾಣ್ ಕುಮಾರ್ ನಾಯಕನಾಗಿದ್ದ ಆ ಚಿತ್ರದಲ್ಲಿ ಪ್ರೇಮಿಗಳು ಸತ್ತು ಹುಟ್ಟಿದರೆ, ಅವರನ್ನು ಅಗಲಿಸಿದ ಜಮೀನ್ದಾರ ತಂದೆ ಸಾಯದೆ ನೂರು ದಾಟಿಯೂ ಕಾದಿರುತ್ತಾನೆ. ಚಿರಂಜೀವಿಯಾಗಿರುವುದು ಪ್ರೀತಿಯೊಂದೇ ಅಲ್ಲ, ಅಂತಸ್ತಿನ ಹಗೆಯೂ ಹೌದು ಎಂದು ಹೇಳಿದ ಚಿತ್ರಗಳು ವಿರಳ.

ಜನ್ಮಾಂತರದ ಪ್ರೇಮ ಸಿನಿಮಾ ಕಂಡುಹಿಡಿದದ್ದೇನಲ್ಲ. ಬಾಣನ ‘ಕಾದಂಬರಿ’ಯಲ್ಲಿ ಗಂಡಸರು ಜನ್ಮದಿಂದ ಜನ್ಮಕ್ಕೆ ಸಾಗಿದರೆ ಮಹಾಶ್ವೇತೆ, ಕಾದಂಬರಿ ಒಂದೇ ಬಾಳಿನಲ್ಲಿ ಕಾಯುತ್ತಾರೆ, ನಾಗವರ್ಮ ಅದನ್ನು ಕನ್ನಡಕ್ಕೆ ತಂದ. ಪಂಪನ ‘ಆದಿಪುರಾಣ’ದಲ್ಲಿ (941) ಶ್ರೀಮತಿಗೆ ಹಿಂದಿನ ಭವದ ಲಲಿತಾಂಗ ನೆನಪಾಗುತ್ತಾನೆ. ಆ ಭವದ ಕಥೆಯನ್ನು ಪಟದಲ್ಲಿ ಬರೆದು ಜಿನಾಲಯದಲ್ಲಿ ಇರಿಸಿದಾಗ, ಅದನ್ನು ಕಂಡು ಗುರುತಿಸುವವನೇ ಅವಳ ನಲ್ಲ ವಜ್ರಜಂಘ. ಸಿನಿಮಾದ ಚಿತ್ರಪಟಗಳಿಗೆ ಇದಕ್ಕಿಂತ ಘನವಾದ ಪೂರ್ವಜರಿಲ್ಲ. ಆದರೆ ಪಂಪನ ಕಥೆ ಮಿಲನದಲ್ಲಿ ನಿಲ್ಲದು. ಧೂಪದ ಹೊಗೆಯಲ್ಲಿ ಉಸಿರುಕಟ್ಟಿ ಇಬ್ಬರೂ ಸಾಯುತ್ತಾರೆ. ಭವಗಳನ್ನು ದಾಟಿ ಅವನು ಆದಿತೀರ್ಥಂಕರನಾದರೆ, ಅವಳು ಅವನಿಗೆ ಮೊದಲ ಆಹಾರ ನೀಡುವ ಶ್ರೇಯಾಂಸನಾಗುತ್ತಾಳೆ. ಹೆಣ್ಣು ಗಂಡಾಗಿ, ಮೋಹ ದಾನವಾಗಿ ಮಾರ್ಪಡುತ್ತದೆ. ಅಲ್ಲಿ ಜನ್ಮವೆಂದರೆ ದೇಹ, ಲಿಂಗ, ಮನಸ್ಸು ಎಲ್ಲದರ ಬದಲಾವಣೆ. ಸಿನಿಮಾದಲ್ಲಿ ಬದಲಾಗುವುದು ಉಡುಗೆ ಮಾತ್ರ. ಅದೇ ನಟ, ಅದೇ ಕಣ್ಣು, ಅದೇ ನಗೆ. ಕರ್ಮವೇನಿದ್ದರೂ ಖಳನ ಪಾಲಿಗೆ. ಪ್ರೇಮಿಗಳು ಯಾವ ಋಣವನ್ನೂ ತೀರಿಸಬೇಕಿಲ್ಲ. ತಾರೆಯ ಮುಖವನ್ನೇ ಬಂಡವಾಳ ಮಾಡಿಕೊಂಡ ಉದ್ಯಮ ಆತ್ಮದ ಹೆಸರಿನಲ್ಲಿ ಅಮರಗೊಳಿಸಿದ್ದು ಆ ಮುಖವನ್ನೇ.

ಈ ನೆನಪಿನಲ್ಲೂ ಗಂಡುಹೆಣ್ಣಿನ ಭೇದವಿದೆ. ನೆನಪು ಮರುಕಳಿಸಿದ ದೇವೇಂದ್ರ ನಂಬಿಕೆಗೆ ಅರ್ಹ ನಿರೂಪಕ. ‘ನೀಲ್ ಕಮಲ್’ನ (1968) ವಹೀದಾ ರೆಹಮಾನ್ ಅದೇ ನೆನಪಿನ ಕರೆಗೆ ಓಗೊಟ್ಟರೆ ಅದು ನಿದ್ದೆಯಲ್ಲಿ ನಡೆಯುವ ಕಾಯಿಲೆ, ಅತ್ತೆಮನೆಯಲ್ಲಿ ಶೀಲದ ಪ್ರಶ್ನೆ. ಹಿಂದಿನ ಜನ್ಮದ ಶಿಲ್ಪಿಗಿಂತ ಈ ಜನ್ಮದ ಗಂಡ ದೊಡ್ಡವನೆಂದು ಚಿತ್ರ ತೀರ್ಪು ಕೊಡುತ್ತದೆ. ಚೇತನ್ ಆನಂದರ ‘ಕುದ್ರತ್’ನಲ್ಲಿ (1981) ಹೇಮಾಮಾಲಿನಿಯ ನೆನಪು ಮನೋವೈದ್ಯನ ಕೈದಾಟಿಯೇ ನ್ಯಾಯಾಲಯಕ್ಕೆ ಬರಬೇಕು.

ಸುಭಾಷ್ ಘೈ ಅವರ ‘ಕರ್ಜ್’ (1980) ಪ್ರೇಮವನ್ನು ಬದಿಗೆ ಸರಿಸಿ ಸೇಡನ್ನು ಮುಂದಿಟ್ಟಿತು. ಅಮೆರಿಕದ ‘ದ ರೀಇನ್‌ಕಾರ್ನೇಷನ್ ಆಫ್ ಪೀಟರ್ ಪ್ರೌಡ್’ನಿಂದ (1975) ಎಳೆ ತೆಗೆದುಕೊಂಡರೂ, ಗಿಟಾರಿನ ಒಂದು ಸ್ವರಮಾಲೆಯಿಂದ ನೆನಪು ಎಚ್ಚರಗೊಳ್ಳುವ ಕಲ್ಪನೆ ಹಿಂದಿ ಸಿನಿಮಾದ ಹಾಡಿನ ಸಂಪ್ರದಾಯಕ್ಕೆ ಚೆನ್ನಾಗಿ ಹೊಂದಿತು. ರವಿಚಂದ್ರನ್ ಅಭಿನಯದ ‘ಯುಗಪುರುಷ’ (1989) ಇದರದೇ ಕನ್ನಡ ರೂಪ. ‘ಕರ್ಜ್’ನ ಹಾಡಿನಿಂದ ಹೆಸರನ್ನೂ ‘ಮಧುಮತಿ’ಯಿಂದ ಕೊನೆಯ ತಿರುವನ್ನೂ ಪಡೆದ ಫರಾ ಖಾನ್‌ರ ‘ಓಂ ಶಾಂತಿ ಓಂ’ (2007) ಇಡೀ ಪರಂಪರೆಯನ್ನು ತಮಾಷೆ ಮಾಡುತ್ತಲೇ ಅದಕ್ಕೆ ಶರಣಾಗುತ್ತದೆ. ಅಲ್ಲಿ ಬಡ ಎಕ್ಸ್‌ಟ್ರಾ ನಟ ಮರಳಿ ಹುಟ್ಟುವುದು ತಾರೆಯ ಮಗನಾಗಿ. ಚಿತ್ರರಂಗದಲ್ಲಿ ಮೇಲೇರಲು ಬೇಕಾದದ್ದು ಜನ್ಮವೇ ಎಂಬ ಈ ವ್ಯಂಗ್ಯ ನಿರ್ದೇಶಕಿ ಉದ್ದೇಶಿಸಿದ್ದಕ್ಕಿಂತ ಹರಿತವಾಗಿದೆ.

ಮುಖವನ್ನು ಬಿಟ್ಟುಕೊಡುವ ಧೈರ್ಯ ಬಂದದ್ದು ತೆಲುಗಿನಿಂದ. ‘ಮಗಧೀರ’ದಲ್ಲಿ (2009) ನಾಲ್ಕು ಶತಮಾನಗಳ ಆಚೆಗೂ ನಾಯಕನ ರೂಪವನ್ನು ಕಾಯ್ದಿಟ್ಟಿದ್ದ ರಾಜಮೌಳಿ, ‘ಈಗ’ದಲ್ಲಿ (2012) ಕೊಲೆಯಾದ ಪ್ರೇಮಿಯನ್ನು ನೊಣವಾಗಿ ಹುಟ್ಟಿಸಿದರು. ಶಾಸ್ತ್ರಕ್ಕೆ ಹತ್ತಿರವಾದ ಪುನರ್ಜನ್ಮ ಇದೇ. ಮಾತಿಲ್ಲದ, ಅಪ್ಪಿಕೊಳ್ಳಲಾಗದ ಆ ಜೀವಿ ಪ್ರೇಯಸಿಗೆ ತನ್ನ ಗುರುತನ್ನು ಬರೆದೇ ತಿಳಿಸಬೇಕು. ನಾಯಕನಿಗೆ ಮುಖವಿಲ್ಲದಾಗ ಪ್ರೇಕ್ಷಕನ ಕಣ್ಣು ತಾನಾಗಿ ಖಳನ ಕಡೆ ಹೊರಳಿತು: ಎದುರಿಗೆ ಏನೂ ಇಲ್ಲದ ಜಾಗದಲ್ಲಿ ನೊಣವನ್ನು ಕಲ್ಪಿಸಿಕೊಂಡು ನಟಿಸಿದ ಕನ್ನಡದ ಸುದೀಪ್ ಆ ಚಿತ್ರವನ್ನು ಹೊತ್ತು ನಡೆದರು.