‘ಮಕ್ಕಳೈ ತೇಡಿ’ ಎಂದರೆ ಯಾರನ್ನು ಹುಡುಕಿಕೊಂಡು? ಗಡಿಯ ಕಿವಿಯಲ್ಲಿ ಯೋಜನೆಗಳ ಹೆಸರು

ಸರ್ಕಾರದ ಯೋಜನೆಗಳಿಂದ ಎಷ್ಟು ಜನಕ್ಕೆ ಒಳ್ಳೆಯದಾಯಿತು ಅನ್ನೋದನ್ನ ಅರ್ಥಶಾಸ್ತ್ರದ ಗೆಳೆಯರು ಹೇಳಲಿ. ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಆ ಯೋಜನೆಗಳ ಹೆಸರುಗಳನ್ನೇ ಪಠ್ಯವಾಗಿ ಓದಲು ಪ್ರಯತ್ನಿಸಿದ್ದೇನೆ. ಹೆಸರು ಸರ್ಕಾರ ಜನರಿಗೆ ಹೇಳುವ ಮೊದಲ ಮಾತು. ಆ ಮಾತು ಇನ್ನೊಂದು ಭಾಷೆಯ ಕಿವಿಗೆ ಬಿದ್ದಾಗ ಏನಾಗುತ್ತದೆ ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆ ಹುಟ್ಟಿದ್ದು ನಮ್ಮ ಮನೆ ಜಗಲಿಯಲ್ಲಿ. ನಮ್ಮದು ಡೆಂಕಣಿಕೋಟೆ ಕಡೆಯ ಹಳ್ಳಿ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಓಡಾಡುವ ಊರು. ಒಂದು ದಿನ ಆರೋಗ್ಯ ಸ್ವಯಂಸೇವಕಿಯೊಬ್ಬರು ಚೀಲ ಹಿಡಿದು ಬಂದು, ‘ಮಕ್ಕಳೈ ತೇಡಿ ಮರುತ್ತುವಂ’ನಿಂದ ಬಂದಿದ್ದೀನಿ ಅಂದರು. ಅಜ್ಜಿ ಕೂತಲ್ಲಿಂದಲೇ, “ನಮ್ಮನೇಲಿ ಚಿಕ್ಕ ಮಕ್ಳಿಲ್ಲ ಕಣಮ್ಮ, ಪಕ್ಕದ್ಮನೆಗೆ ಹೋಗು” ಅಂದುಬಿಟ್ಟರು. ಬಿಪಿ ಇದ್ದದ್ದು ಅಜ್ಜಿಗೇ.

ನಾವು ನಕ್ಕೆವು. ಆದರೆ ಅಜ್ಜಿ ತಪ್ಪು ಕೇಳಿಸಿಕೊಂಡಿರಲಿಲ್ಲ, ಸರಿಯಾಗಿಯೇ ಕನ್ನಡದಲ್ಲಿ ಕೇಳಿಸಿಕೊಂಡಿದ್ದರು. ತಮಿಳಿನ ‘ಮಕ್ಕಳ್’ ಅಂದರೆ ಜನ. ನಮ್ಮ ‘ಮಕ್ಕಳು’ ಅಂದರೆ ಹೆತ್ತವರ ಮಕ್ಕಳು. ಒಂದೇ ಬೇರಿನ ಮಾತು ಅಲ್ಲಿ ಸಮಾಜದಷ್ಟು ಅಗಲವಾಗಿದೆ, ಇಲ್ಲಿ ಮನೆಯೊಳಗೆ ಉಳಿದಿದೆ. 2023ರ ಸೆಪ್ಟೆಂಬರ್ 15ರಂದು ಶುರುವಾದ, ತಿಂಗಳಿಗೆ 1000 ರೂಪಾಯಿಯ ‘ಕಲೈಞರ್ ಮಗಳಿರ್ ಉರಿಮೈ ತೊಗೈ’ ನೋಡಿ. ‘ಮಗಳಿರ್’ ಅಂದರೆ ತಮಿಳಿನಲ್ಲಿ ಹೆಂಗಸರು. ನಮ್ಮ ಕಿವಿಗೆ ಮಗಳು. ಜನ ಅನ್ನುವ ಕಡೆ ನಮಗೆ ಮಕ್ಕಳು ಕೇಳುತ್ತಾರೆ, ಹೆಂಗಸರು ಅನ್ನುವ ಕಡೆ ಮಗಳು ಕೇಳುತ್ತಾಳೆ. ಹಾಗಂತ ಕನ್ನಡ ಆ ಅಗಲವಾದ ಅರ್ಥವನ್ನು ಪೂರ್ತಿ ಮರೆತಿಲ್ಲ. ‘ಹೆಣ್ಣುಮಕ್ಕಳು ಬಂದಿದ್ದರು’ ಅಂದಾಗ ಅರವತ್ತರ ಹೆಂಗಸರೂ ಅದರಲ್ಲಿ ಸೇರುತ್ತಾರೆ. ‘ಉರಿಮೈ’ ಮಾತ್ರ ನಮ್ಮವರಿಗೆ ಮೈ ಉರಿ ಅಂತಲೇ ಕೇಳಿಸೋದು!

ಈಗ ವ್ಯಾಕರಣಕ್ಕೆ ಬರೋಣ. ‘ಮಕ್ಕಳೈ ತೇಡಿ ಮರುತ್ತುವಂ’: ಜನರನ್ನು ಹುಡುಕಿಕೊಂಡು ವೈದ್ಯ. ದ್ವಿತೀಯಾ ವಿಭಕ್ತಿಯ ಕರ್ಮವಿದೆ, ಕ್ರಿಯೆ ಇದೆ, ಕೊನೆಗೆ ನಮ್ಮ ‘ಮದ್ದು’, ಹಳಗನ್ನಡದ ‘ಮರ್ದು’ಗೆ ನಂಟಿರುವ ನಾಮಪದವಿದೆ. ಹುಡುಕುವ ಕೆಲಸ ವೈದ್ಯದ್ದು, ರೋಗಿಯದ್ದಲ್ಲ. ಇದು ಬರೀ ಅಲಂಕಾರವೂ ಅಲ್ಲ. 2021ರ ಆಗಸ್ಟ್ 5ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಈ ಯೋಜನೆಯನ್ನು ಆರಂಭಿಸಿದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಬಿಪಿ, ಸಕ್ಕರೆ ಕಾಯಿಲೆಯವರಿಗೆ ಮನೆಗೇ ಮಾತ್ರೆ, ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಆರೈಕೆ, ಫಿಸಿಯೋಥೆರಪಿ. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ‘ಇಲ್ಲಂ ತೇಡಿ ಕಲ್ವಿ’ಯ ರಚನೆಯೂ ಇದೇ: ಮನೆಯನ್ನು ಹುಡುಕಿಕೊಂಡು ಕಲಿಕೆ.

ಇದರ ಪಕ್ಕಕ್ಕೆ ಕರ್ನಾಟಕದ ಹೆಸರುಗಳನ್ನಿಟ್ಟು ನೋಡಿದೆ. ಅನ್ನಭಾಗ್ಯ, ಕ್ಷೀರಭಾಗ್ಯ, ಗೃಹಲಕ್ಷ್ಮಿ, ಗೃಹಜ್ಯೋತಿ. ಎಲ್ಲಾ ಸಮಾಸಗಳು, ಕ್ರಿಯಾಪದವೇ ಇಲ್ಲ. ಯಾರು ಕೊಟ್ಟರು, ಯಾಕೆ ಕೊಡಬೇಕು ಅನ್ನೋದು ಸಮಾಸದೊಳಗೆ ಮುಚ್ಚಿಹೋಗುತ್ತದೆ. ‘ಭಾಗ್ಯ’ ಹಣೆಬರಹದ ಮಾತು, ‘ಉರಿಮೈ’ ಹಕ್ಕಿನ ಮಾತು. ಗೃಹಲಕ್ಷ್ಮಿಯಲ್ಲಿ ತಿಂಗಳಿಗೆ 2000 ರೂಪಾಯಿ, ನಮ್ಮ ಕಡೆಯದಕ್ಕಿಂತ ಹೆಚ್ಚು. ಆದರೆ ತೆಗೆದುಕೊಳ್ಳುವವಳು ಹೆಸರಿನಲ್ಲಿ ಮನೆಯ ಲಕ್ಷ್ಮಿ, ಪ್ರಜೆ ಅಲ್ಲ. 2024ರಲ್ಲಿ ಕೋಲಾರದಲ್ಲಿ ಶುರುವಾದ ಮನೆಮನೆ ತಪಾಸಣೆಗೂ ‘ಗೃಹ ಆರೋಗ್ಯ’ ಅಂತಲೇ ಹೆಸರಿಟ್ಟರು. ಕೆಲಸ ಹೆಚ್ಚು ಕಡಿಮೆ ನಮ್ಮ ಕಡೆಯದ್ದೇ, ಹೆಸರಿನಲ್ಲಿ ಮಾತ್ರ ಯಾರೂ ನಡೆಯುತ್ತಿಲ್ಲ. ‘ಜಿಲ್ಲಾಧಿಕಾರಿಗಳ ನಡೆ ಹಳ್ಳಿ ಕಡೆ’ ಇದಕ್ಕೆ ಅಪವಾದ. ಅದರಲ್ಲಿ ನಡಿಗೆಯೂ ಇದೆ, ಪ್ರಾಸವೂ ಇದೆ.

ತಮಿಳು ಹೆಸರುಗಳನ್ನು ಹೊಗಳಿ ಮುಗಿಸುವಂತೆಯೂ ಇಲ್ಲ. ಮೂವಲೂರ್ ರಾಮಾಮಿರ್ದಂ ಅಮ್ಮೈಯಾರ್ ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದವರು, 1936ರಲ್ಲಿ ಕಾದಂಬರಿಯನ್ನೂ ಬರೆದವರು. ಅವರ ಹೆಸರಿನಲ್ಲಿ 1989ರಿಂದ ಮದುವೆ ಸಹಾಯಧನವಿತ್ತು. 2022ರಲ್ಲಿ ಅದೇ ಹೆಸರಿನ ಕೆಳಗೆ ಮದುವೆಯನ್ನು ಅಳಿಸಿ ಕಾಲೇಜು ಬರೆದರು. ಸರ್ಕಾರಿ ಶಾಲೆಯಲ್ಲಿ 6ರಿಂದ 12ನೇ ತರಗತಿವರೆಗೆ ಓದಿ ಕಾಲೇಜು ಸೇರಿದ ಹುಡುಗಿಗೆ ತಿಂಗಳಿಗೆ 1000 ರೂಪಾಯಿ. ಅದರ ಜನಪ್ರಿಯ ಹೆಸರು ‘ಪುದುಮೈ ಪೆಣ್’, ಭಾರತಿಯಾರ್ ಅವರ ಕವಿತೆಯ ಹೆಸರು. ಪಂಪನನ್ನು ಓದಿದ ನಮಗೆ ‘ಪೆಣ್’ ಪರಭಾಷೆಯೇ ಅಲ್ಲ. ಒಂದು ಪಠ್ಯದ ತಿದ್ದುಪಡಿ ಅಂದರೆ ಹೀಗಿರಬೇಕು ಅನ್ನಿಸಿತು ನನಗೆ.

ಎರಡು ವರ್ಷದ ನಂತರ ಹುಡುಗರಿಗೂ ಅಷ್ಟೇ ಹಣದ ಯೋಜನೆ ಬಂತು. ಹೆಸರು ‘ತಮಿಳ್ ಪುದಲ್ವನ್’, ತಮಿಳು ಮಗ. ಪೆಣ್‌ಗೆ ಇಲ್ಲದ ಭಾಷೆಯ ವಿಶೇಷಣ ಇಲ್ಲಿ ಸೇರಿಕೊಂಡಿತು. ನಿಯಮವನ್ನೂ ಓದಿ: ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗರು, ಅನುದಾನಿತ ಶಾಲೆಯಾದರೆ ತಮಿಳು ಮಾಧ್ಯಮದಲ್ಲಿ ಓದಿದವರು. ಅನುದಾನಿತ ಶಾಲೆಯ ಕನ್ನಡ ಮಾಧ್ಯಮದ ಹುಡುಗ ಈ ವಾಕ್ಯದ ಯಾವ ಪದದಲ್ಲೂ ಇಲ್ಲ. ಸರ್ಕಾರಿ ಶಾಲೆಯ ಕನ್ನಡ ಹುಡುಗ ಹಣ ಪಡೆಯಬಹುದು, ‘ತಮಿಳು ಮಗ’ ಅನ್ನೋ ಹೆಸರಿನಡಿ. ಅಜ್ಜಿಗೆ ಕೇಳಿಸಿದ್ದು ಅರ್ಥದ ಗೊಂದಲ, ಅದನ್ನು ಬಿಡಿಸಿ ಹೇಳಬಹುದು. ಇಲ್ಲಿ ಬಿಡಿಸೋಕೆ ಏನೂ ಇಲ್ಲ, ಎಲ್ಲಾ ಸ್ಪಷ್ಟವಾಗಿಯೇ ಇದೆ.

ಮಾತಿನ ನಂತರ ಮೇಡಂ ಒಬ್ಬರು, “ಹಾಗಾದರೆ ಹೆಸರುಗಳನ್ನ ಕನ್ನಡಕ್ಕೆ ಅನುವಾದ ಮಾಡಬೇಕು ಅಂತೀಯಾ?” ಎಂದು ಕೇಳಿದರು. ಹೆಸರು ಬೇಡ ಮೇಡಂ, ಅದು ಹಾಗೇ ಇರಲಿ. ಅವತ್ತು ಜಗಲಿಯಲ್ಲಿ ಆ ಸ್ವಯಂಸೇವಕಿ ವಾಪಸ್ ಹೋಗಲಿಲ್ಲ. ಅವರ ಮನೆಮಾತು ತೆಲುಗು. ಆದರೂ ಅಜ್ಜಿ ಪಕ್ಕ ಕೂತು, “ಮಕ್ಳಿಗಲ್ಲ ಅಜ್ಜಿ, ನಿಮಗೇನೇ. ಕೈ ಕೊಡಿ, ಬಿಪಿ ನೋಡ್ತೀನಿ. ಬಿಳೀದು ಬೆಳಿಗ್ಗೆ, ಹಳದೀದು ರಾತ್ರಿ ಊಟ ಆದ್ಮೇಲೆ” ಅಂದರು. ಯೋಜನೆ ನಮ್ಮ ಮನೆಯೊಳಗೆ ಬಂದದ್ದು ಆ ಕನ್ನಡದಲ್ಲಿ. ಆ ಕನ್ನಡ ಯಾವ ಕಾಗದದ ಮೇಲೂ ಇಲ್ಲ. ಅವರು ಬಾರದ ತಿಂಗಳು ಅಜ್ಜಿಗೆ ಮಾತ್ರೆಯ ಹೊತ್ತು ಹೇಳೋರು ಯಾರು?

ತಾಲೂಕಿನ ಜನಸಂಖ್ಯೆಯಲ್ಲಿ ಶೇ. 15ರಷ್ಟು ಜನ ಒಂದು ಅಲ್ಪಸಂಖ್ಯಾತ ಭಾಷೆಯವರಾದರೆ, ಮುಖ್ಯ ಸೂಚನೆಗಳು ಆ ಭಾಷೆಯಲ್ಲೂ ಇರಬೇಕು ಎಂಬುದು ಭಾಷಾ ಅಲ್ಪಸಂಖ್ಯಾತರಿಗೆ ದೇಶದಾದ್ಯಂತ ಒಪ್ಪಿಕೊಂಡ ರಕ್ಷಣೆಗಳಲ್ಲಿ ಒಂದು. ಡೆಂಕಣಿಕೋಟೆ, ಅಂಚೆಟ್ಟಿ ತಾಲೂಕುಗಳಿಗೆ ಈ ಅಳತೆ ಹಿಡಿದು ನೋಡಬೇಕು. ನಾನು ಕೇಳುತ್ತಿರುವುದು ಮಾತ್ರೆ ಚೀಟಿಯ ಹಿಂಬದಿಗೆ ಎರಡು ಸಾಲು ಕನ್ನಡ. ಅದನ್ನು ಬರೆದುಕೊಡುವ ಕೆಲಸವನ್ನು ನಮ್ಮ ವಿಭಾಗದವರೇ ಮಾಡಬಹುದು. ಸ್ವಯಂಸೇವಕಿಯ ಬಾಯಿಮಾತನ್ನು ಬರೆದುಕೊಂಡರೆ ಅರ್ಧ ಕೆಲಸ ಆದಂತೆ.