ಕೆಂಪಿರುವಾಗಲೇ ಚಿವುಟಬೇಕು

ಕಾಡಿನ ಅಡುಗೆ ಎಂದೊಡನೆ ಎಲ್ಲರೂ ಮಳೆಗಾಲಕ್ಕೆ ಓಡುತ್ತಾರೆ. ಕಳಲೆ, ಕೆಸು, ಚಗತೆ ಸೊಪ್ಪು, ಅಣಬೆ. ಮಲೆನಾಡಿನಲ್ಲಿ ಮಳೆ ಬಿದ್ದ ಮೇಲೆ ಪಾಗಾರದ ಮೇಲೂ ಹಸಿರು ಹುಟ್ಟುತ್ತದೆ. ಅದನ್ನು ಹುಡುಕಿ ತಂದವರ ಹೆಚ್ಚುಗಾರಿಕೆ ಏನು? ಕಣ್ಣಿಗೂ ನಾಲಗೆಗೂ ಕೆಲಸ ಕೊಡುವ ಕಾಲ ಶಿವರಾತ್ರಿ ಕಳೆದ ಮೇಲೆ ಶುರುವಾಗುತ್ತದೆ. ಬಾವಿಯ ತಳ ಕಾಣುತ್ತಿರುತ್ತದೆ, ಬೇಣದ ಹುಲ್ಲು ಒಣಗಿ ಗರಿಗರಿಯಾಗಿರುತ್ತದೆ. ಅಂಥ ಬಿರುಬಿಸಿಲಿನಲ್ಲಿ ಹಕ್ಕಲಿನ ಕುಂಟುನೇರಳೆ ತಾಮ್ರದ ಬಣ್ಣದ ಕುಡಿ ಬಿಟ್ಟು ನಿಂತಿರುತ್ತದೆ.

ನೀರಿಲ್ಲದ ಹೊತ್ತಿನಲ್ಲಿ ಗಿಡಮರಗಳಿಗೆ ಚಿಗುರುವ ಉಮೇದು ಯಾಕೆ? ಪರಿಸರ ವಿಜ್ಞಾನಿಗಳಾದ ಕೆ.ಎಸ್. ಮುರಳಿ ಮತ್ತು ಆರ್. ಸುಕುಮಾರ್ ನಮ್ಮ ಬಂಡೀಪುರಕ್ಕೆ ತಾಗಿಕೊಂಡ ಮುದುಮಲೈ ಕಾಡಿನಲ್ಲಿ ಇದನ್ನೇ ನೋಡಿದ್ದರು. 1993ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಒಣಗಾಲದಲ್ಲೇ ಬೇಗ ಚಿಗುರಿದ ಮರಗಳ ಎಲೆಗೆ ತಡವಾಗಿ ಚಿಗುರಿದವಕ್ಕಿಂತ ಕೀಟಗಳ ಕಾಟ ಕಡಿಮೆ. ಮಳೆಯ ಜೊತೆ ಹುಳಹುಪ್ಪಟೆ ಬರುವಷ್ಟರಲ್ಲಿ ಎಲೆ ಬಲಿತಿರುತ್ತದೆ. ಅದು ಎಲೆ ಉದುರುವ ಒಣ ಕಾಡು, ಘಟ್ಟದ ಈಚಿನ ಹಕ್ಕಲಿನ ಕಥೆ ಕೊಂಚ ಬೇರೆ ಇರಬಹುದು. ಆದರೂ ಲೆಕ್ಕಾಚಾರ ಒಪ್ಪುವಂತಿದೆ. ಹುಳವನ್ನು ತಪ್ಪಿಸಿಕೊಂಡ ಗಿಡ, ತಂಬುಳಿಗೆಂದು ಕಡೆದ ಮಜ್ಜಿಗೆ ಇಟ್ಟುಕೊಂಡು ಕಾಯುವವರ ಕೈಗೆ ಸಿಕ್ಕಿಬೀಳುತ್ತದೆ, ಅಷ್ಟೆ.

ಕುಡಿ ಕೊಯ್ಯಲು ದಟ್ಟ ಕಾಡು ಹೊಗಬೇಕಿಲ್ಲ. ಅಭಯಾರಣ್ಯದೊಳಗೆ ಕೈ ಹಾಕುವುದು ಕಾನೂನಿಗೆ ವಿರುದ್ಧ, ಅದರ ಅಗತ್ಯವೂ ಇಲ್ಲ. ತೋಟದ ಬೇಲಿ, ಗುಡ್ಡದ ಅಂಚು, ಉತ್ತರ ಕನ್ನಡದ ಸೊಪ್ಪಿನಬೆಟ್ಟ ಸಾಕು. ಅಡಿಕೆ ತೋಟಕ್ಕೆಂದು ವರ್ಷವರ್ಷವೂ ಸೊಪ್ಪು ಸವರಿದ ಕಡೆ ಕೈಗೆಟುಕುವ ಎತ್ತರದಲ್ಲೇ ಹೊಸ ಕುಡಿ ಒಡೆಯುತ್ತದೆ. ಕುಂಟುನೇರಳೆ, ನೆಲ್ಲಿ, ಸಳ್ಳೆ, ಕೇಪಳ, ನೆಕ್ಕರಿಕ, ಅಂಗಳದ ಪೇರಲೆ ಎಲ್ಲ ನಡೆಯುತ್ತದೆ. ನೆಲ್ಲಿ ಕುಡಿಗೆ ಒಂದೆಳೆ ಹುಳಿಯಿದೆ, ಕೇಪಳ ಸಾಧು. ಮಾವಿನ ಕುಡಿ ಮಾತ್ರ ಒಂದೆರಡು ಸಾಕು, ಹೆಚ್ಚಾದರೆ ಉಳಿದೆಲ್ಲದರ ಪರಿಮಳವನ್ನು ತಾನೇ ನುಂಗಿಬಿಡುತ್ತದೆ. ಹತ್ತು ಜಾತಿ ಬೆರೆಸಿದ್ದೇ ಶ್ರೇಷ್ಠ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಎರಡು, ಹೆಚ್ಚೆಂದರೆ ಮೂರು. ಅದಕ್ಕಿಂತ ಮುಂದೆ ಹೋದರೆ ಕಷಾಯದ ದಾರಿ.

ಯಾವ ಗಿಡ ಎನ್ನುವುದಕ್ಕಿಂತ ಯಾವ ದಿನ ಎನ್ನುವುದು ದೊಡ್ಡದು. ಸರಿಯಾದ ಕುಂಟುನೇರಳೆ ಕುಡಿ ನೆಟ್ಟಗೆ ನಿಂತಿರುವುದಿಲ್ಲ, ಸುಸ್ತಾದವರ ಹಾಗೆ ಜೋತುಬಿದ್ದಿರುತ್ತದೆ. ಮೈಮೇಲೆ ಎಣ್ಣೆ ಸವರಿದ ಹೊಳಪು. ಎಲೆಯನ್ನು ಮಡಚಿದರೆ ಗೆರೆ ಮೂಡಬಾರದು, ದಂಟಿಗೆ ಉಗುರು ತಾಗಿಸಿದರೆ ಎಳೆಯದೆ ಕೈಗೆ ಬರಬೇಕು. ಬಣ್ಣ ಕೆಂಪಿರುವಷ್ಟು ಕಾಲ ಪತ್ರಹರಿತ್ತು ತುಂಬಿರುವುದಿಲ್ಲ, ನಾರೂ ಕೂಡಿರುವುದಿಲ್ಲ. ಎಲೆಗೆ ಹಸಿರು ಇಳಿಯತೊಡಗಿತೋ, ಆ ಕುಡಿಯನ್ನು ಗಿಡಕ್ಕೇ ಬಿಡಿ. ಕೆಂಪಿರುವ ಗಿಡದಲ್ಲೂ ಒಂದೇ ರೆಂಬೆಯನ್ನು ಬೋಳಿಸದೆ ಅಲ್ಲೊಂದು ಇಲ್ಲೊಂದು ಚಿವುಟಿದರೆ ಮುಂದಿನ ವರ್ಷಕ್ಕೂ ಉಂಟು.

ಒಂದು ಎಚ್ಚರ. ಗುರುತಿಲ್ಲದ ಕೆಂಪು ಕುಡಿಗೆ ಕೈ ಹಾಕಬೇಡಿ. ಹೊಲಗೇರು ಮಾವಿನದೇ ಕುಟುಂಬದ ಮರ, ಎಲೆಯೂ ದೂರದಿಂದ ಸಭ್ಯವಾಗಿಯೇ ಕಾಣುತ್ತದೆ. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆ. ತೊಟ್ಟನ್ನು ಹತ್ತಿರದಿಂದ ನೋಡಿದರೆ ಮೃದುವಾದ ಸಣ್ಣ ಮುಳ್ಳಿನಂಥ ಎರಡು ಚಾಚು ಕಂಡಾವು, ಬಲಿತ ಎಲೆಯಲ್ಲಿ ಅವು ಉದುರಿಹೋಗಿರುವುದೂ ಉಂಟು. ಕಾಂಡದ ಮೇಲೆ ಸೊನೆ ಸೋರಿ ಕಪ್ಪಾದ ಗೆರೆಗಳಿದ್ದರೆ ಇನ್ನು ಪರೀಕ್ಷೆ ಬೇಡ, ದೂರ ಸರಿಯಿರಿ. ತಿಳಿದವರ ಜೊತೆ ಹೋಗುವುದೇ ಸರಿ, ಫೋಟೊ ನೋಡಿ ಕೊಯ್ಯುವುದಲ್ಲ.

ಒಲೆಯ ಕೆಲಸ ಕಾಲು ಗಂಟೆಯದು. ಒಂದು ಮುಷ್ಟಿ ಕುಡಿಯನ್ನು ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನೊಟ್ಟಿಗೆ ಬಾಡಿಸಬೇಕು. ಕೆಂಪು ಮಾಸಿ ಕಂದಾಗುತ್ತಲೇ ಇಳಿಸಿ, ಕರಕಲಾದರೆ ಕಹಿ. ಆರಿದ ಮೇಲೆ ಹಿಡಿ ಕಾಯಿತುರಿ ಜೊತೆ ನುಣ್ಣಗೆ ಬೀಸಿ, ಉಪ್ಪು ಹಾಕಿ, ಮಜ್ಜಿಗೆಯಲ್ಲಿ ಕದಡಿ, ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಟ್ಟರೆ ತಂಬುಳಿ. ಮತ್ತೆ ಒಲೆಗಿಟ್ಟರೆ ಒಡೆಯುತ್ತದೆ. ಮಜ್ಜಿಗೆ ಇಲ್ಲಿ ತೆಳ್ಳಗಾಗಿಸಲು ಮಾತ್ರ ಇರುವುದಲ್ಲ. ಕುಡಿಯ ಒಗರು ಟ್ಯಾನಿನ್‌ನದು. ಅದು ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದಲೇ ಬಾಯಿ ಬಿಗಿಯುವುದು. ಮಜ್ಜಿಗೆಯ ಪ್ರೋಟೀನು ಮೊದಲೇ ಅದನ್ನು ಹಿಡಿದುಕೊಂಡರೆ ನಾಲಗೆಗೆ ಹಿತವಾಗುವಷ್ಟು ಒಗರು ಉಳಿಯುತ್ತದೆ. ಹಾಗಾಗಿ ಕದಡಿದ ತಕ್ಷಣ ಬಡಿಸದೆ ಸ್ವಲ್ಪ ಹೊತ್ತು ಬಿಡುವುದು ಒಳ್ಳೆಯದು. ಬಿಸಿ ಅನ್ನಕ್ಕೆ ಮೊದಲು ಬರಬೇಕಾದ್ದು ತಂಬುಳಿ. ಸಾರು ಉಂಡ ನಾಲಗೆಗೆ ಅದು ಸಪ್ಪೆ.

ಇದೇ ದಿನಗಳಲ್ಲಿ ಹೊಳೆದಂಡೆಯ ಅಪ್ಪೆಮಿಡಿಗೆ ಮುಗಿಬೀಳುವವರನ್ನು ನೋಡಿದಾಗ ನನಗೆ ಕಿರಿಕಿರಿ. ಮಿಡಿಯ ರುಚಿಯ ಬಗ್ಗೆ ತಕರಾರಿಲ್ಲ, ಜೀರಿಗೆ ಅಪ್ಪೆಯ ಸೊನೆಯ ಘಮಕ್ಕೆ ಸಾಟಿಯಿಲ್ಲ. ಆದರೆ ಬೆಲೆ ಏರಿದ ಮೇಲೆ ಕೊಯ್ಯುವ ತಾಳ್ಮೆ ಹೋಗಿ ಹೆರೆಯನ್ನೇ ಕಡಿದು ಕೆಡಹುವ ಚಾಳಿ ಬಂದಿದೆ. ಕುಡಿಗೆ ಮಾರುಕಟ್ಟೆಯಿಲ್ಲ, ಕೊಯ್ದ ಸಂಜೆಗೇ ಸೊರಗುವುದು ಅದರ ಪುಣ್ಯ.

ಬಯಲುಸೀಮೆಯವರು ಹೊಟ್ಟೆ ಉರಿದುಕೊಳ್ಳಬೇಕಿಲ್ಲ. ಸಾಲುಮರದ ಹುಣಸೆಯೂ ಈಗಲೇ ಚಿಗುರುತ್ತದೆ. ತೊಗರಿಬೇಳೆಗೆ ಹಾಕಿ ಕುದಿಸಿದರೆ ಹುಣಸೆಹಣ್ಣನ್ನು ಮುಟ್ಟದೆಯೇ ಸಾರು ಹುಳಿಯಾಗುತ್ತದೆ. ರಸ್ತೆಯ ಧೂಳಿನ ಮರ ಬಿಟ್ಟು ಹೊಲದ ಬದುವಿನದನ್ನು ಆರಿಸಿಕೊಳ್ಳಿ. ಬೆಂಗಳೂರಿನವರಿಗೆ ಹಿತ್ತಲ ಸೀಬೆ, ದಾಳಿಂಬೆ ಇದ್ದೇ ಇದೆ. ಯುಗಾದಿಗೆ ಬೇವಿನ ಹೂವಿಗಾಗಿ ಕೊಂಬೆ ಬಗ್ಗಿಸುವ ಕೈ ಅವಕ್ಕೂ ಚಾಚಿದರಾಯಿತು. ಕುಡಿಯನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿ ಮಳೆಗಾಲಕ್ಕೆ ಎತ್ತಿಡುವ ಮನೆಗಳೂ ಇವೆ. ಹೊಟ್ಟೆ ಕೆಟ್ಟಾಗ ಮದ್ದಿಗೆ ಆದೀತು. ರುಚಿಗೆ ಅಂತ ಕೇಳಿದರೆ, ನಾನು ಆ ಡಬ್ಬಿ ತೆರೆಯುವುದಿಲ್ಲ.